ಚಿಕ್ಕಿ ಹಚ್ಚಿದ ಬಾಗಿಲು

ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆ ಬಾಗಿಲಿನ ಹುಚ್ಚು ಹಿಡಿಯಿತು. ಎಂಥ ಹುಚ್ಚೆಂದರೆ, ದವಾಖಾನೆಗೆ ಹೋದರೆ ಡಾಕ್ಟರ ಮುಖ ನೋಡುವ ಮೊದಲು ಅವರ ಬಾಗಿಲು ನೋಡಿ ನಗುತ್ತಿದ್ದೆ. ಬಿ.ಪಿ. ನೋಡುವ ಹುಡುಗಿ ಏನಾಯಿತೆಂದು ಗಾಬರಿಯಾಗುತ್ತಿದ್ದಳು. ಏನೆಂದು ಹೇಳಲಿ? ನಿನ್ನ ಬೆನ್ನ ಹಿಂದಿನ ಆ ಬಿಳಿ ಹಲಗೆಯ ಹೆಸರಿಗೂ ಬೇಗಂ ಬಜಾರಿನ ಪಾತ್ರೆ ಅಂಗಡಿಗೂ ರಷ್ಯಾ ದೇಶಕ್ಕೂ ರಕ್ತಸಂಬಂಧವಿದೆ ಎಂದರೆ ನಂಬುತ್ತಾಳೆಯೇ? ನಾನು ಸುಮ್ಮನೆ ನಗುತ್ತಿದ್ದೆ, ಬಿ.ಪಿ. ಜಾಸ್ತಿ ತೋರಿಸುತ್ತಿತ್ತು.

ನಾನು ಬೀದರ ಕಡೆಯವಳು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಗೆರೆ ಎಳೆದು ನಿವೃತ್ತಳಾದವಳು. ಈಗ ತಾರ್ನಾಕದಲ್ಲಿ ಮನೆ. ಯೂನಿವರ್ಸಿಟಿಯ ಗೇಟು ನಡೆದು ಹೋಗುವಷ್ಟು ಹತ್ತಿರ. ಬೆಳಗಿನ ವಾಕಿಂಗಿಗೆ ಅಲ್ಲಿ ಹೋದಾಗ ಗೋಡೆಗೆ ಅಂಟಿಸಿದ ಒಂದು ಕಾಗದ ಕಂಡೆ: ಭಾಷೆಗಳ ಇತಿಹಾಸ, ಪ್ರತಿ ಭಾನುವಾರ ಬೆಳಿಗ್ಗೆ, ವಯಸ್ಸಿನ ಮಿತಿ ಇಲ್ಲ. ವಯಸ್ಸಿನ ಮಿತಿ ಇಲ್ಲ ಎಂದು ಓದಿದ ಕೂಡಲೇ, ಇದು ನನಗೇ ಬರೆದದ್ದು ಅನ್ನಿಸಿತು. ನಮ್ಮ ಯಜಮಾನರು ಮಾತ್ರ, "ಈ ವಯಸ್ಸಿನ್ಯಾಗ ಏನ್ ಹುಡುಕಾಕತ್ತೀ?" ಎಂದರು. ಸೇರಿಬಿಟ್ಟೆ.

ಪಾಠ ಹೇಳುವ ಟೀಚರಿಗೆ ಮೂವತ್ತೆರಡು ದಾಟಿರಲಿಲ್ಲ. ತೆಲುಗಿನ ಹುಡುಗಿ, ನನ್ನನ್ನು ಆಂಟೀ ಎಂದೇ ಕರೆಯುತ್ತಿದ್ದರು. ಎರಡನೆಯ ಭಾನುವಾರ ಅವರು ಬೋರ್ಡಿನ ಮೇಲೆ ನಕ್ಷತ್ರದಂಥ ಒಂದು ಚಿಕ್ಕಿ ಬರೆದು, ಅದರ ಪಕ್ಕ 'ಧ್ವೆರ್' ಎಂದು ಬರೆದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪಾರ್ಸಿ, ಇಂಗ್ಲಿಷ್, ಇವೆಲ್ಲ ಐದಾರು ಸಾವಿರ ವರ್ಷಗಳ ಹಿಂದೆ ಒಂದೇ ಮನೆಯ ಮಾತಾಗಿದ್ದವಂತೆ. ಆ ಮನೆಯಲ್ಲಿ ಬಾಗಿಲಿಗೆ ಹೀಗೆ ಅನ್ನುತ್ತಿದ್ದಿರಬೇಕಂತೆ. ಇದ್ದಿರಬೇಕು, ಅಷ್ಟೇ. ಅದನ್ನು ಬರೆದಿಟ್ಟವರಿಲ್ಲ, ಕೇಳಿದವರು ಉಳಿದಿಲ್ಲ. ಮೊಮ್ಮಕ್ಕಳೆಲ್ಲರ ಮುಖ ನೋಡಿ ಅಜ್ಜಿಯ ಮೂಗು ಹೀಗಿತ್ತು ಎಂದು ಹೇಳುವ ಹಾಗೆ ಪಂಡಿತರು ಮಗಳು ಭಾಷೆಗಳನ್ನೆಲ್ಲ ಕೂಡಿಸಿ ಮೂಲ ಶಬ್ದವನ್ನು ಕಟ್ಟಿಕೊಂಡಿದ್ದಾರೆ. ಕಟ್ಟಿಕೊಂಡದ್ದು, ಕೇಳಿದ್ದಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವುದಕ್ಕೇ ಆ ಚಿಕ್ಕಿ.

ಕ್ಲಾಸಿನ ಹುಡುಗರಿಗೆ ಇದು ತಲೆಗೆ ಹೋಗಲಿಲ್ಲ. ಕೇಳದೇ ಇದ್ದದ್ದನ್ನು ಇತ್ತು ಅಂತ ಹೇಗೆ ಹೇಳೋದು ಎಂದು ವಾದಕ್ಕೆ ಬಿದ್ದರು. ನನಗೆ ಒಂದೇ ಏಟಿಗೆ ತಿಳಿಯಿತು. ನಮ್ಮ ಸೆಕ್ಷನ್ನಿನಲ್ಲಿ ಇದು ದಿನದ ಕೆಲಸ. ಯಂತ್ರದ ಭಾಗದ ಹಿಂಬದಿಯ ಅಂಚು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಇದೆ. ಅದನ್ನು ತುಂಡು ತುಂಡು ಗೆರೆಯಲ್ಲಿ ಎಳೆಯುತ್ತೇವೆ. ಆ ಗೆರೆ ಬಿಟ್ಟರೆ ಭಾಗ ತಪ್ಪಾಗಿ ತಯಾರಾಗುತ್ತದೆ. ಎದ್ದು ನಿಂತು ಇದನ್ನು ಹೇಳಿದೆ. ಟೀಚರ್ ಚಪ್ಪಾಳೆ ತಟ್ಟಿದರು, ನಾನು ನಾಚಿಕೊಂಡು ಕೂತೆ.

ಮನೆಗೆ ಬಂದವಳೇ ಕಂಡದ್ದಕ್ಕೆಲ್ಲ ಚಿಕ್ಕಿ ಹಚ್ಚತೊಡಗಿದೆ. ಯಜಮಾನರು, "ನಾಳಿಗೆ ಬಚ್ಚಲದ ನಳ ರಿಪೇರಿ ಮಾಡಸ್ತೀನಿ" ಎಂದರೆ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಚಿಕ್ಕಿ.

"ಏನಿದು ಚಿಕ್ಕಿ?"

"ಯಾರೂ ಕಂಡಿಲ್ಲ, ಯಾರೂ ಕೇಳಿಲ್ಲ, ಇದ್ದಿರಬೇಕು ಅಂತ ಅಂದಾಜು."

ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ನಳ ರಿಪೇರಿಯಾಯಿತು.

ಶಬ್ದವನ್ನು ಹಿಡಿದು ಹೊರಟರೆ ಒಂದೊಂದೂ ಮಜಾ. ಗ್ರೀಕಿನಲ್ಲಿ ಅದು 'ಥುರಾ'. ಇಂಗ್ಲಿಷಿನ 'ಡೋರ್' ಅದೇ. ಪಾರ್ಸಿಯಲ್ಲಿ 'ದರ್', ಅಂದರೆ ಈ ಊರಿನ ಎಲ್ಲ ದರ್ವಾಜಾ, ದರ್ಗಾ, ದರ್ಬಾರ್ ಒಳಗೂ ಅದೇ ಕೂತಿದೆ. ಲ್ಯಾಟಿನ್ನಿನಲ್ಲಿ ಅದು 'ಫೋರಿಸ್' ಆಗಿ, ಬಾಗಿಲಾಚೆ ಎಂಬ ಅರ್ಥ ಪಡೆದು, ಅಲ್ಲಿಂದ 'ಫಾರಿನ್' ಹುಟ್ಟಿತಂತೆ. ಇದನ್ನು ಕೇಳಿ ನಾನು ಕ್ಲಾಸಿನಲ್ಲೇ ಜೋರಾಗಿ ನಕ್ಕೆ. ನಮ್ಮ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಬ್ಬಾಕೆ ಫಾರಿನ್ ಸೋಪು ಎಂದು ವರ್ಷಗಟ್ಟಲೆ ಕಪಾಟಿನಲ್ಲಿಟ್ಟು ತೋರಿಸುತ್ತಿದ್ದಳು. ಪಾಪ, ಬಾಗಿಲಾಚೆಯ ಸೋಪು. ಸಂಸ್ಕೃತದ ಕತೆ ಇನ್ನೂ ಚೆಂದ. ಲೆಕ್ಕದ ಪ್ರಕಾರ ಅಲ್ಲಿ 'ಧ್ವಾರ' ಆಗಬೇಕಿತ್ತು, ಆದದ್ದು 'ದ್ವಾರ'. ಬಾಗಿಲಿಗೆ ಎರಡು ಕದ ಇರುತ್ತಿದ್ದವಲ್ಲ, ಹಾಗಾಗಿ ಎರಡು ಎಂಬ ಅರ್ಥದ 'ದ್ವಿ' ಶಬ್ದದ ಗಾಳಿ ಬಡಿದು 'ಧ' ಮೆತ್ತಗಾಯಿತು ಎಂದು ಕೆಲವು ಪಂಡಿತರು ಹೇಳುತ್ತಾರಂತೆ. ನನಗೆ ಪಂಡಿತರ ಮೇಲೆ ಪ್ರೀತಿಯೇ ಬಂತು.

ನಮ್ಮ 'ಬಾಗಿಲು' ಈ ಮನೆತನದ್ದಲ್ಲ. ಸೇರಿಸಿಕೊಳ್ಳಿ ಎಂದು ನಾನು ಬೇಡಿದರೂ ಟೀಚರ್ ಒಪ್ಪಲಿಲ್ಲ. ಅದು ಮನೆಯ ಬಾಯಿ, ತಮಿಳಿನ ವಾಯಿಲ್, ತೆಲುಗಿನ ವಾಕಿಲಿ ಅದರ ಅಕ್ಕತಂಗಿಯರು, ನಿಮ್ಮದೇ ದೊಡ್ಡ ಮನೆ ಇರುವಾಗ ಇನ್ನೊಬ್ಬರ ಮನೆಗೆ ಯಾಕೆ ನುಗ್ಗುತ್ತೀರಿ ಆಂಟೀ ಎಂದರು. ಅದೂ ಸರಿಯೇ.

ಕೋರ್ಸು ಮುಗಿಯುವ ಮೊದಲು ಒಬ್ಬೊಬ್ಬರೂ ಒಂದು ಮೂಲ ಶಬ್ದದ ವಂಶವೃಕ್ಷ ಬರೆದು ತರಬೇಕಿತ್ತು. ನಾನು ಬಾಗಿಲನ್ನೇ ಹಿಡಿದೆ. ಆದರೆ ಟೀಚರ ಕೆಲಸದ ರೀತಿ ಬೇರೆ. ಸತ್ತ ಭಾಷೆಗಳನ್ನು ಪುಸ್ತಕದಿಂದ ತಗೊಳ್ಳಿ, ಬದುಕಿರುವ ಭಾಷೆಗಳನ್ನು ಬಾಯಿಂದ ತಗೊಳ್ಳಿ ಎಂದರು. ಪ್ರತಿಯೊಂದು ಬದುಕಿರುವ ಶಬ್ದಕ್ಕೂ ಒಬ್ಬ ಸಾಕ್ಷಿ ಬೇಕು. ಸಾಕ್ಷಿಯ ಎದುರು ಆ ಶಬ್ದವನ್ನು ನಾವು ಉಚ್ಚರಿಸಬಾರದು, ಬೆರಳು ಮಾಡಿ ತೋರಿಸಿ ಕೇಳಬೇಕು. ಬಂದ ಮೊದಲ ಉತ್ತರವನ್ನು ಬಂದ ಹಾಗೇ ಬರೆಯಬೇಕು. ಆಮೇಲೆ ಇನ್ನೆರಡು ಪ್ರಶ್ನೆ: ನೀವು ಬೆಳೆದದ್ದು ಎಲ್ಲಿ? ಈ ಶಬ್ದವನ್ನು ಮೊದಲು ಯಾರ ಬಾಯಲ್ಲಿ ಕೇಳಿದಿರಿ? ಈ ಕೊನೆಯ ಪ್ರಶ್ನೆ ಯಾಕೆ ಎಂದು ಒಬ್ಬ ಹುಡುಗ ಕೇಳಿದ. ಕೇಳಿ ನೋಡಿ, ಗೊತ್ತಾಗುತ್ತದೆ ಎಂದರು.

ಪಟ್ಟಿ ಮಾಡಿದೆ: ಪಾರ್ಸಿ, ಮಾರವಾಡಿ, ರಷ್ಯನ್, ಮರಾಠಿ. ಮರಾಠಿ ಎಂದು ಬರೆಯುವಾಗಲೇ ಕೈ ತಡೆಯಿತು. ಯಾಕೆಂದರೆ ನನ್ನ ಮನೆಯ ಎದುರಿನ ಬಾಗಿಲೇ ಮರಾಠಿ, ಆ ಬಾಗಿಲಿಗೂ ನನಗೂ ಮೂರು ವರ್ಷದಿಂದ ಮಾತಿಲ್ಲ.

ಅವರನ್ನು ನಾನು ವೈನಿ ಎನ್ನುತ್ತಿದ್ದೆ. ಉದಗೀರದವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಯಜಮಾನರು ನಮ್ಮ ಕಾರ್ಖಾನೆಯಲ್ಲೇ ಇದ್ದರು, ನನ್ನನ್ನು ತಂಗಿ ಎಂದವರು, ಹಾಗಾಗಿ ಇವರು ಅತ್ತಿಗೆ, ಮರಾಠಿಯ ವೈನಿ. ಕ್ವಾರ್ಟರ್ಸಿನಲ್ಲಿ ಇಪ್ಪತ್ತೆರಡು ವರ್ಷ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಅವರು ಮರಾಠಿಯಲ್ಲಿ ಮಾತಾಡುತ್ತಿದ್ದರು, ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಇಬ್ಬರೂ ಇನ್ನೊಬ್ಬರ ಭಾಷೆಯನ್ನು ಆಡಲು ಕಲಿಯಲಿಲ್ಲ, ಬೇಕಾಗಲೂ ಇಲ್ಲ. ನನ್ನ ಬಾಣಂತನದಲ್ಲಿ ಮೆಂತ್ಯದ ಲಾಡು ಮಾಡಿ ತಂದವರು ಅವರು. ಅವರ ಯಜಮಾನರು ಹೋದಾಗ ಹದಿಮೂರು ದಿನ ಅವರ ಅಡುಗೆಮನೆ ನೋಡಿಕೊಂಡವಳು ನಾನು. ಕ್ವಾರ್ಟರ್ಸ್ ಬಿಡುವ ಹೊತ್ತು ಬಂದಾಗ ಇಬ್ಬರೂ ಹಟ ಹಿಡಿದು ತಾರ್ನಾಕದ ಈ ಕಟ್ಟಡದ ಮೂರನೆಯ ಮಹಡಿಯಲ್ಲಿ ಎದುರುಬದುರು ಫ್ಲಾಟ್ ಕೊಂಡೆವು. ಬಾಗಿಲು ತೆರೆದರೆ ಅವರ ಬಾಗಿಲು ಕಾಣಬೇಕು, ಅದೇ ಆಸೆ.

ಕಂಡದ್ದು ಕನ್ನಡಿ. ಗೃಹಪ್ರವೇಶವಾಗಿ ತಿಂಗಳಾಗಿರಲಿಲ್ಲ, ವೈನಿ ತಮ್ಮ ಬಾಗಿಲಿನ ಮೇಲೆ ಅಂಗೈಯಗಲದ, ಎಂಟು ಮೂಲೆಯ ಕನ್ನಡಿಯೊಂದನ್ನು ನನ್ನ ಮನೆಯ ಕಡೆ ಮುಖ ಮಾಡಿ ತೂಗುಹಾಕಿದರು. ಬೆಳಿಗ್ಗೆ ಹಾಲಿನ ಪಾಕೀಟು ತೆಗೆದುಕೊಳ್ಳಲು ಬಾಗಿಲು ತೆರೆದರೆ ಕೆದರಿದ ತಲೆಯ ನಾನೇ ನನಗೆ ಎದುರು. ಇದೇನು ಎಂದು ಕೇಳಿದೆ. ವಾಸ್ತುವಿನವನು ಹಾಕಲು ಹೇಳಿದ, ಕೆಟ್ಟದ್ದು ತಿರುಗಿ ಹೋಗುತ್ತದೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. "ಎದುರಿಗಿರೋದು ನನ್ನ ಮನಿ ಒಂದೇ. ಕೆಟ್ಟದ್ದು ಯಾರದ್ರಿ?" ಎಂದೆ. ಅವರು ಏನೋ ಹೇಳಲು ಬಂದರು, ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಬೇಗಂ ಬಜಾರಿಗೆ ಹೋಗಿ, ಹೊಸ ಕಟ್ಟಡಗಳಿಗೆ ಕಟ್ಟುವ ದೃಷ್ಟಿಯ ಮುಖವಾಡ ಕೊಂಡು ತಂದೆ. ಹುರಿ ಮೀಸೆ, ಕೆಂಪು ನಾಲಿಗೆ, ಕೋರೆಹಲ್ಲು, ಇದ್ದದ್ದರಲ್ಲೇ ದೊಡ್ಡದು. ನನ್ನ ಬಾಗಿಲಿನ ಮೇಲೆ, ಸರಿಯಾಗಿ ಆ ಕನ್ನಡಿಯ ಎದುರಿಗೆ, ಅಳತೆ ಹಿಡಿದು ಮೊಳೆ ಹೊಡೆದೆ.

ಅಂದಿನಿಂದ ಮೂರು ವರ್ಷ ರಾಕ್ಷಸ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತ ನಿಂತಿದ್ದ. ಲಿಫ್ಟಿನಲ್ಲಿ ಸಿಕ್ಕರೆ ವೈನಿ ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು, ಹೊರಗಿನವರ ಜೊತೆ ಆಡುವ ಹಾಗೆ. "ಥೋಡಾ ಸರಕಿಯೇ." ನಾನೂ ಹಿಂದಿಯಲ್ಲೇ ಸರಿಯುತ್ತಿದ್ದೆ. ಇಪ್ಪತ್ತೆರಡು ವರ್ಷ ಕೇಳಿದ ಮರಾಠಿ ನನ್ನ ಮಟ್ಟಿಗೆ ನಿಂತೇಹೋಯಿತು. ನನಗೆ ಅದು ಬಹಳ ನೋಯುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ.

ಹೀಗಾಗಿ ಮರಾಠಿಯನ್ನು ಕೊನೆಗೆ ತಳ್ಳಿ ಉಳಿದ ಸಾಕ್ಷಿಗಳ ಬೇಟೆಗೆ ಹೊರಟೆ. ಮೊದಲು ಇರಾನಿ ಹೋಟೆಲು. ಗಲ್ಲಾದ ಮೇಲೆ ಕೂತ ಮುದುಕರು, ಹಾಲಿನಂಥ ಬಿಳಿ ಹುಬ್ಬು. ಚಹಾ ಕುಡಿದು, ಬಾಗಿಲಿಗೆ ಬೆರಳು ಮಾಡಿ, "ಯೇ ಕ್ಯಾ ಹೈ?" ಎಂದೆ.

"ಎಂಟ್ರಿ," ಎಂದರು. "ಎಕ್ಸಿಟ್ ಭೀ ವಹೀ ಹೈ, ಅಮ್ಮಾ."

ನಿಯಮದಂತೆ 'ಎಂಟ್ರಿ' ಎಂದೇ ಬರೆದೆ. ಮತ್ತೆ ತೋರಿಸಿದೆ. ಬಾಗಿಲು ಕಿರುಗುಟ್ಟುತ್ತದೆ ಎಂದು ದೂರು ಹೇಳುತ್ತಿದ್ದೇನೆ ಎಂದುಕೊಂಡು ಕೆಲಸದವನಿಗೆ ಎಣ್ಣೆ ತರಲು ಹೇಳಿದರು. ಕೊನೆಗೆ, ನಿಮ್ಮ ಮನೆಯಲ್ಲಿ ಅಜ್ಜ ಇದಕ್ಕೆ ಏನೆನ್ನುತ್ತಿದ್ದರು ಎಂದು ಕೇಳಿದೆ. ಮುದುಕರ ಹುಬ್ಬು ಮೇಲೇರಿತು. "ದರ್," ಎಂದರು. ಯಾರ ಬಾಯಲ್ಲಿ ಮೊದಲು ಕೇಳಿದಿರಿ ಎಂದರೆ, ಅಜ್ಜ ದಿನಾ ಸಂಜೆ ಒಳಗಿನ ಕೋಣೆಯಿಂದ ಕೂಗುತ್ತಿದ್ದರು, "ದರೋ ಬೆಬಂದ್!" ಬಾಗಿಲು ಹಾಕೋ! ಎಪ್ಪತ್ತು ದಾಟಿದ ಮನುಷ್ಯ ಗಲ್ಲಾದ ಮೇಲಿಂದ ಅಜ್ಜನ ದನಿಯಲ್ಲಿ ಕೂಗಿದ್ದಕ್ಕೆ ಹೋಟೆಲಿನವರೆಲ್ಲ ತಿರುಗಿ ನೋಡಿದರು, ಎಣ್ಣೆ ತಂದವನು ಓಡಿ ಹೋಗಿ ಬಾಗಿಲು ಹಾಕಿಬಿಟ್ಟ. ಚಹಾದ ದುಡ್ಡು ಅವರು ತೆಗೆದುಕೊಳ್ಳಲಿಲ್ಲ.

ಬೇಗಂ ಬಜಾರಿನಲ್ಲಿ ಪಾತ್ರೆ ಮಾರುವ ಮಾರವಾಡಿ ಸೇಠರು ಮೊದಲು "ಶಟರ್" ಎಂದರು. ಅಂಗಡಿಗೆ ಇದ್ದದ್ದು ಶಟರೇ, ತಪ್ಪು ನನ್ನದು. ಊರಿನ ಮನೆಯಲ್ಲಿ ಎಂದು ಕೇಳಿದಾಗ, "ಬಾರಣೋ". 'ದ'ಕಾರವೇ ಇಲ್ಲ! 'ದ', 'ವ' ಎರಡೂ ಕೂಡಿ ಒಂದು 'ಬ' ಆಗಿ ಕೂತಿದೆ ಎಂದು ಟೀಚರ್ ಆಮೇಲೆ ಬಿಡಿಸಿ ಹೇಳಿದರು. ಯಾರ ಬಾಯಲ್ಲಿ ಕೇಳಿದ್ದು? ಅವರ ಅಮ್ಮನ ಬಾಯಲ್ಲಿ. ಮರಳು ಗಾಳಿ ಎದ್ದಾಗ, ಬಾರಣೋ ಮುಚ್ಚು ಎಂದು ಬೈಯುತ್ತಿದ್ದಳಂತೆ. ಸೇಠರು ಹೇಳಿ ನಕ್ಕರು, ಆಮೇಲೆ ಒಂದು ಲೋಟವನ್ನು ಸುಮ್ಮನೆ ಒರೆಸುತ್ತ ಕೂತರು.

ರಷ್ಯನ್‌ಗಾಗಿ ಎರಡು ಬಸ್ಸು ಬದಲಿಸಿ ಗಚ್ಚಿಬೌಲಿಗೆ ಹೋದೆ. ಅಲ್ಲಿನ ಯೂನಿವರ್ಸಿಟಿಯಲ್ಲಿ ರಷ್ಯನ್ ಕಲಿಸಲು ಬಂದ ಹುಡುಗಿಯನ್ನು ಟೀಚರೇ ಗೊತ್ತುಮಾಡಿಕೊಟ್ಟಿದ್ದರು. ಉದ್ದಕ್ಕೆ, ಬಿಳುಪಿಗೆ, ಬಿಸಿಲಿಗೆ ಕೆಂಪಾದ ಮೂಗಿನವಳು. ನಾನು ಬಾಗಿಲಿಗೆ ಬೆರಳು ಮಾಡಿದೆ. ಅವಳು ನಗುತ್ತ, "ದ್ವೇರ್," ಎಂದಳು.

ಬೋರ್ಡಿನ ಮೇಲಿನ, ಯಾರೂ ಕೇಳಿಲ್ಲದ ಆ ಶಬ್ದ, ಬರೀ ಒಂದು ಉಸಿರಿನಷ್ಟು ಬದಲಾಗಿ, ಗಚ್ಚಿಬೌಲಿಯ ಎರಡನೆಯ ಮಹಡಿಯಲ್ಲಿ ಒಬ್ಬ ಹುಡುಗಿಯ ಬಾಯಿಂದ ಬಂತು. ಅವಳನ್ನು ಅಪ್ಪಿಕೊಂಡುಬಿಟ್ಟೆ. ಸೆಕ್ಯೂರಿಟಿಯವನು ಒಳಗೆ ಇಣುಕಿದ. ಯಾರಿಂದ ಕೇಳಿದೆ ಎಂದರೆ ಅಜ್ಜಿಯಿಂದ ಎಂದಳು. ಚಳಿಗಾಲದಲ್ಲಿ ಅಜ್ಜಿ ಒಲೆಯ ಪಕ್ಕದಿಂದ ಕೂಗುತ್ತಿದ್ದಳಂತೆ, ಬಾಗಿಲು ಹಾಕು, ಬಾಗಿಲು ಹಾಕು. ಅಲ್ಲಿ ಚಳಿ, ರಾಜಸ್ಥಾನದಲ್ಲಿ ಮರಳು, ಇರಾನಿ ಮನೆಯಲ್ಲಿ ಏನೋ ಗೊತ್ತಿಲ್ಲ. ಆದರೆ ಈ ಇಡೀ ಮನೆತನ ಐದಾರು ಸಾವಿರ ವರ್ಷದಿಂದ ಮಕ್ಕಳಿಗೆ ಬಾಗಿಲು ಹಾಕು ಎಂದು ಬೈಯುತ್ತಲೇ ಬಂದಿದೆ ಎಂದು ಗೊತ್ತಾಗಿ, ವಾಪಸು ಬರುವ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದಾಕೆ ಎದ್ದು ಬೇರೆ ಸೀಟಿಗೆ ಹೋದಳು.

ಉಳಿದದ್ದು ಮರಾಠಿ. ಎದುರು ಮನೆ ತಪ್ಪಿಸಲು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಒಬ್ಬ ಸಿಹಿತಿಂಡಿಯವರನ್ನು ಕೇಳಿದೆ, "ದರ್ವಾಜಾ". ಬ್ಯಾಂಕಿನ ಒಬ್ಬಾಕೆಯನ್ನು ಕೇಳಿದೆ, "ದರ್ವಾಜಾ". ಕ್ವಾರ್ಟರ್ಸಿನ ಹಳೆಯ ಪರಿಚಯದವರಿಗೆ ಫೋನ್ ಮಾಡಿ ಕೇಳಿದೆ, ಅಲ್ಲೂ "ದರ್ವಾಜಾ". ಅದು ಪಾರ್ಸಿಯಿಂದ ಬಂದ ನೆಂಟ. ನನಗೆ ಬೇಕಾದದ್ದು ಮನೆಮಗಳು, 'ದಾರ'. ಅದು ಮರಾಠಿಯಲ್ಲಿ ಇದೆ ಎಂದು ನನಗೆ ಗೊತ್ತಿತ್ತು. ಗೋಡೆಯಾಚೆಯಿಂದ ಇಪ್ಪತ್ತೆರಡು ವರ್ಷ ಕೇಳಿದ್ದೆನಲ್ಲ.

ಟೀಚರಿಗೆ ಹೇಳಿದಾಗ ಅವರು ನಕ್ಕರು. "ಹಾಗೇ ಆಂಟೀ. ಹೊರಗಿನವರು ಕೇಳಿದರೆ ಅಂಗಿ ಸರಿಮಾಡಿಕೊಂಡು ದರ್ವಾಜಾ ಎನ್ನುತ್ತಾರೆ. ಮನೆಯವರ ಹತ್ತಿರ ಮಾತ್ರ ಬಾಯಿಂದ ದಾರ ಬರುತ್ತದೆ. ಹೊರಗಿನವರಿಗೆ ಯಾರಾದರೂ ಬಾಗಿಲು ಹಾಕು ಅಂತ ಬೈತಾರಾ? ಬಿಡಿ, ಮರಾಠಿ ಇಲ್ಲದಿದ್ದರೂ ನಡೆಯುತ್ತದೆ."

ನಡೆಯುವುದಿಲ್ಲ. ನಕ್ಷೆಯನ್ನು ದೊಡ್ಡ ಟ್ರೇಸಿಂಗ್ ಹಾಳೆಯ ಮೇಲೆ ಎಳೆಯುವಾಗ ಅದು ನನಗೆ ಚೆನ್ನಾಗಿ ತಿಳಿಯಿತು. ಮೇಲೆ ಮೂಲ ಶಬ್ದ, ಅದರ ಮುಂದೆ ಚಿಕ್ಕಿ. ಕೆಳಗೆ ಕೊಂಬೆಗಳು, ತುದಿಯಲ್ಲಿ ಸಾಕ್ಷಿಗಳು, ಎಲ್ಲ ಇಂಕಿನಲ್ಲಿ. ಮರಾಠಿಯ ತುದಿಯಲ್ಲಿ ಮಾತ್ರ ಪೆನ್ಸಿಲಿನಲ್ಲಿ 'ದಾರ' ಎಂದು ಬರೆದು, ಅದರ ಮುಂದೆಯೂ ಒಂದು ಚಿಕ್ಕಿ ಹಚ್ಚಿದೆ. ಇದು ತಪ್ಪು, ಬದುಕಿರುವ ಶಬ್ದಕ್ಕೆ ಚಿಕ್ಕಿ ಹಚ್ಚುವ ಹಾಗಿಲ್ಲ. ಆದರೆ ನನ್ನ ಮಟ್ಟಿಗೆ ಅದು ನಿಜ. ನನಗೆ ಬೇಕಿದ್ದದ್ದು ಸಾಕ್ಷಿಯಲ್ಲ, ವೈನಿಯ ಬಾಯಲ್ಲಿ ಆ ಶಬ್ದ ನನಗಾಗಿ ಬರಬೇಕಿತ್ತು. ಅವರು ದರ್ವಾಜಾ ಎಂದರೆ ನಾನು ಹೊರಗಿನವಳು, ಮುಗಿಯಿತು. ದಾರ ಎಂದರೆ ಇನ್ನೂ ಏನೋ ಉಳಿದಿದೆ. ಇದನ್ನು ತಿಳಿದುಕೊಳ್ಳದೆ ನಾನು ನಕ್ಷೆ ಕೊಡುವಂತಿರಲಿಲ್ಲ, ಕೇಳಲು ಧೈರ್ಯವೂ ಇರಲಿಲ್ಲ.

ಭಾನುವಾರ ಒಪ್ಪಿಸಬೇಕು. ಶನಿವಾರ ದೀಪ ಹಚ್ಚುವ ಹೊತ್ತಿನವರೆಗೂ ಒಳಗೂ ಹೊರಗೂ ತಿರುಗಾಡಿದೆ. ಯಜಮಾನರು ಪೇಪರಿನಿಂದ ತಲೆ ಎತ್ತಿ, "ರಷ್ಯಾದಾಕಿ ಹತ್ರ ಹೋಗಿ ಬಂದಿ, ಮೂರು ಹೆಜ್ಜಿ ಇರೋ ಮನಿಗೆ ಹೋಗಾಕ ಆಗವಲ್ದೇನು?" ಎಂದರು. ಮಾತು ಕಡಿಮೆ, ಆಡಿದರೆ ಹೀಗೆ. ಸಾಕ್ಷಿಯ ಹಾಳೆ, ಪೆನ್ನು, ಸುತ್ತಿದ ನಕ್ಷೆ ಎಲ್ಲ ಎತ್ತಿಕೊಂಡು ಹೊರಟೆ.

ಬೆಲ್ ಒತ್ತಿದೆ. ಕನ್ನಡಿಯಲ್ಲಿ ನನ್ನ ನೆತ್ತಿಯೂ ಹಿಂದಿನ ರಾಕ್ಷಸನ ನಾಲಿಗೆಯೂ ಕಂಡವು. ಬಾಗಿಲು ತೆರೆಯಿತು. ವೈನಿ ಸಣ್ಣಗಾಗಿದ್ದರು. ನನ್ನನ್ನು, ಕೈಯಲ್ಲಿದ್ದ ಸುರುಳಿಯನ್ನು ನೋಡಿದರು.

"ಕ್ಯಾ ಹೈ?" ಹಿಂದಿ.

"ಒಂದು ಸಾಕ್ಷಿ ಬೇಕಾಗಿತ್ರಿ, ವೈನಿ," ಎಂದೆ. ಮೂರು ವರ್ಷದ ಮೇಲೆ ಅವರೆದುರು ಕನ್ನಡ ಆಡಿದ್ದೆ. ದನಿ ನನ್ನದಲ್ಲ ಅನ್ನಿಸಿತು. ನಾನು ಅವರ ಬಾಗಿಲಿನ ಮೇಲೆ ಬೆರಳಿಟ್ಟೆ. "ಇದಕ್ಕ ಏನಂತೀರಿ?"

ಬಾಗಿಲನ್ನೂ ನನ್ನನ್ನೂ ನೋಡಿದರು. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

"ದರ್ವಾಜಾ," ಎಂದರು.

ನಿಯಮ ನಿಯಮವೇ. ಮೊದಲ ಉತ್ತರ, ಬಂದ ಹಾಗೆ. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು 'ದರ್ವಾಜಾ' ಎಂದು ಬರೆದೆ. ಅಳು ಬರುವ ಮೊದಲು ಮುಗಿಸಿ ಹೋಗೋಣ ಎಂದು ಬೇಗಬೇಗ ಕೇಳಿದೆ, "ಬೆಳೆದದ್ದು ಎಲ್ಲಿ?"

"ಉದಗೀರ. ತುಲಾ ಮಾಹೀತ ನಾಹೀ ಕಾ?" ನಿನಗೆ ಗೊತ್ತಿಲ್ಲವೇ ಎಂದು ಸಿಟ್ಟಿನಿಂದ ಕೇಳಿದ್ದು. ಸಿಟ್ಟಿನ ಭರದಲ್ಲಿ ಮರಾಠಿ ಬಂದುಬಿಟ್ಟಿತ್ತು, ಅದು ಅವರಿಗೆ ತಿಳಿಯಲಿಲ್ಲ.

"ಈ ಮಾತು ಮೊದಲ ಯಾರ ಬಾಯಾಗ ಕೇಳಿದ್ರಿ?"

"ಆಯೀ..." ಎಂದು ಶುರುಮಾಡಿ ನಿಂತರು. ಅವರ ತಾಯಿಯನ್ನು ನಾನೂ ಬಲ್ಲೆ. ಪ್ರತಿ ಬೇಸಿಗೆ ಕ್ವಾರ್ಟರ್ಸಿಗೆ ಬಂದು, ಒಂಬತ್ತು ಗಜದ ಸೀರೆ ಉಟ್ಟು, ಹೊಸ್ತಿಲ ಮೇಲೆ ಕೂತು ಅವರ ಮಕ್ಕಳನ್ನೂ ನನ್ನ ಮಕ್ಕಳನ್ನೂ ಒಂದೇ ಸಮ ಬೈಯುತ್ತಿದ್ದ ಮುದುಕಿ. ಆ ಮುದುಕಿಯ ಬಾಯಲ್ಲಿ ದರ್ವಾಜಾ ಎಂಬ ಮಾತು ಯಾವತ್ತೂ ಬಂದಿರಲಿಲ್ಲ. ವೈನಿಯ ಕಣ್ಣು ನನ್ನ ಹಾಳೆಯ ಮೇಲೆ ನಿಂತಿತು. ನಾನು ಪೆನ್ನು ಹಿಡಿದು ಕಾಯುತ್ತ ನಿಂತೆ. ಕಾರಿಡಾರಿನ ಟ್ಯೂಬ್‌ಲೈಟ್ ಹತ್ತಿಕೊಂಡಿತು, ತಾರ್ನಾಕದ ಸಂಜೆಯ ಸೊಳ್ಳೆಗಳು ಒಂದೇ ಸಲಕ್ಕೆ ಮುತ್ತಿದವು. ವೈನಿ ತಮ್ಮ ತೋಳಿಗೆ ಫಟ್ಟನೆ ಹೊಡೆದುಕೊಂಡರು.

"ಅಗಂ, ಬಾಹೇರ ಕಾಯ ಉಭೀ? ಆತ ಯೇ. ದಾರ ಲಾವ. ಡಾಸ ಯೇತಾತ."

ಹೊರಗೆ ಏನು ನಿಂತಿದ್ದೀಯೇ, ಒಳಗೆ ಬಾ, ಬಾಗಿಲು ಹಾಕು, ಸೊಳ್ಳೆ ಬರುತ್ತವೆ. ಇಷ್ಟೇ ಹೇಳಿ, ಬೆನ್ನು ತಿರುಗಿಸಿ, ತೋಳು ಕೆರೆದುಕೊಳ್ಳುತ್ತ ಒಳಗೆ ನಡೆದರು. ತಾವೇನು ಹೇಳಿದೆವೆಂದು ಅವರಿಗೆ ಗೊತ್ತೇ ಇಲ್ಲ! ನಾನು ಒಳಗೆ ಹೋಗಿ ಬಾಗಿಲು ಹಾಕಿದೆ. ಹಾಕಿ, ಅದಕ್ಕೇ ಆತುಕೊಂಡು ನಿಂತು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಅವರು ತಿರುಗಿ ನೋಡಿ ಏನಾಯಿತೆಂದು ಕೇಳಿದರು. ಬೈದರು. ಬೈಯುತ್ತ ಬೈಯುತ್ತ ಅವರೂ ಅತ್ತರು.

ಚಹಾ ಆಯಿತು. ಕನ್ನಡಿಯ ಮಾತು ಅವರೇ ತೆಗೆದರು. ಎದುರುಬದುರು ಬಾಗಿಲಿದ್ದರೆ ಎರಡು ಮನೆಯ ನಡುವೆ ಜಗಳ ಬರುತ್ತದೆ ಎಂದು ಆ ವಾಸ್ತುವಿನವನು ಹೆದರಿಸಿದ್ದನಂತೆ. ನಮ್ಮಿಬ್ಬರಿಗೆ ಜಗಳ ಬರಬಾರದೆಂದು ಕನ್ನಡಿ ಹಾಕಿದ್ದಂತೆ. ನಾನು ಚಹಾದ ಲೋಟ ಕೆಳಗಿಟ್ಟೆ.

"ಅವತ್ತೇ ಯಾಕ ಹೇಳಲಿಲ್ರಿ?"

ನೀನು ಹೇಳಗೊಟ್ಟೆಯಾ ಎಂದರು. ಅದೂ ನಿಜ. ಆ ವಾಸ್ತುವಿನವನ ಮಾತು ಸುಳ್ಳೆಂದು ನಾನು ವಾದಿಸಿದೆ. ಸುಳ್ಳು ಹೇಗೆ, ಜಗಳ ಬಂತಲ್ಲ ಎಂದು ಅವರು ವಾದಿಸಿದರು. ಇದರ ಮೇಲೆ ಮತ್ತೆ ಜಗಳ ಬರುವುದರಲ್ಲಿತ್ತು, ಇಬ್ಬರಿಗೂ ನಗು ಬಂತು. ನನ್ನ ರಾಕ್ಷಸನಿಗೆ ತಮ್ಮ ಮೈದುನನ ಮುಖವೇ ಇದೆ, ಅದಕ್ಕೇ ಇಷ್ಟು ದಿನ ಸಹಿಸಿಕೊಂಡೆ ಎಂದರು.

ನಕ್ಷೆಯನ್ನು ಟೀಪಾಯಿಯ ಮೇಲೆ ಹರಡಿದೆ. ಕೊಂಬೆ ಕೊಂಬೆ ಬೆರಳಿಟ್ಟು ತೋರಿಸಿದೆ, ಇರಾನಿ ಅಜ್ಜ, ಮಾರವಾಡಿ ಅಮ್ಮ, ರಷ್ಯಾದ ಅಜ್ಜಿ. ವೈನಿ ಕನ್ನಡಕ ಹಾಕಿಕೊಂಡು ನೋಡುತ್ತ ಬಂದವರು ಮರಾಠಿಯ ತುದಿಯಲ್ಲಿ ನಿಂತರು. ಇದಕ್ಕೇಕೆ ಚಿಕ್ಕಿ ಎಂದು ಕೇಳಿದರು. ಯಾರೂ ಕೇಳಿಲ್ಲದ ಮಾತಿಗೆ ಹಾಗೆ ಹಚ್ಚುವುದು ಎಂದೆ. ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷ ನಿನ್ನ ಕಿವಿಯ ಮೇಲೆ ಸಾವಿರ ಸಲ ಹೇಳಿದ್ದೇನೆ, ಕೇಳಿಲ್ಲವಂತೆ!

"ಹೇಳಿ ಮೂರು ವರ್ಷ ಆಗಿತ್ರಿ, ವೈನಿ."

ವೈನಿ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಹಸಿ ಮಾಡಿ, ಚಿಕ್ಕಿಯ ಮೇಲಿಟ್ಟು ಗಸಗಸ ಉಜ್ಜಿದರು. ಇಡೀ ಸರ್ವಿಸಿನಲ್ಲಿ ನನ್ನ ಡ್ರಾಯಿಂಗ್ ಹಾಳೆಯ ಹತ್ತಿರ ಚಹಾದ ಲೋಟ ತಂದವರನ್ನೂ ನಾನು ಬಿಟ್ಟವಳಲ್ಲ, ಸುಮ್ಮನೆ ನೋಡುತ್ತ ಕೂತೆ. ಚಿಕ್ಕಿ ಹೋಯಿತು. ಅದಿದ್ದ ಜಾಗದಲ್ಲಿ ಹೆಬ್ಬೆರಳಗಲದ ಕಪ್ಪು ಕಲೆ ಉಳಿಯಿತು.

ಮರುದಿನ ಟೀಚರ್ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಷ್ಟು ಚೆಂದ ಎಳೆದಿದ್ದೀರಿ ಆಂಟೀ. ಈ ಕಲೆ ಒಂದು ಅಳಿಸಿಕೊಡಿ."

"ಅದು ಕಲೆಯಲ್ಲಮ್ಮಾ," ಎಂದೆ. "ಸಾಕ್ಷಿಯ ಹೆಬ್ಬೆಟ್ಟು."